ಏಳನೇ ರಾಶಿಯ ಮುದ್ರೆ

ಕ್ಷೌರದ ಎರ್ರಣ್ಣ ತಲೆ ಬೋಳಿಸುವ ಕತ್ತಿ ಮಸೆಯತೊಡಗಿದ್ದ. ಸಿರುಗುಪ್ಪದ ಅಕ್ಕಿ ಗಿರಣಿಯ ಕಣದಲ್ಲಿ ಪಾರಮ್ಮನನ್ನು ಕಂಬಕ್ಕೆ ಕಟ್ಟಿಹಾಕಿದ್ದರು.

"ಪಾಲಯ್ಯ, ನೆಲ್ಲು ಎಲ್ಲಿಟ್ಟಿ ಹೇಳ್ಲೇ! ಎಮರ್ಜೆನ್ಸಿ ಐತಿ, ಬಳ್ಳಾರಿ ಜೈಲಿಗೆ ಹಾಕಿಸಿದ್ರ ಕೇಳೋರಿಲ್ಲ," ಎಂದ ಗಿರಣಿ ಸಾಹುಕಾರ ಚಿದಾನಂದಪ್ಪನ ಮನೆಅಳಿಯ ರಂಗಣ್ಣ.

ಪಾಲಯ್ಯ ಎಂಬುದು ಪಾರಮ್ಮನಿಗೆ ಕುರುಗೋಡಿನಲ್ಲಿ ಹೆತ್ತವರು ಇಟ್ಟ ಹೆಸರು. ಸೀರೆ ಉಟ್ಟ ದಿನವೇ ಅಪ್ಪ ಹೊರಗೆ ಹಾಕಿದ. ಇಲ್ಲಿ ಬಂದು ನೆಲ್ಲು ಹರವುವ ಕೂಲಿ ಹಿಡಿದು ಮೂರು ವರ್ಷವಾಗಿತ್ತು. ಕೂದಲು ಈಗಷ್ಟೇ ಸೊಂಟ ಮುಟ್ಟಿತ್ತು. ಬರುವ ಹುಣ್ಣಿಮೆಗೆ ಹುಲಿಗಿಗೆ ಹೋಗಿ ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾಗುವುದಿತ್ತು. ಕೊರಳಲ್ಲಿ ಮುತ್ತಿದ್ದರೆ ದೇವಿಯ ಹೆದರಿಕೆಗಾದರೂ ಯಾರೂ ಜಡೆಗೆ ಕೈ ಹಾಕುತ್ತಿರಲಿಲ್ಲ. ಹಾಳಾದ್ದು, ಇನ್ನು ಹನ್ನೊಂದೇ ದಿನ ಉಳಿದಿತ್ತು!

ಸಂಜೆ ನೆಲ್ಲಿನ ರಾಶಿಯ ಮೈತುಂಬ ಹಲಗೆಯಿಂದ ಬೂದಿಯ ಮುದ್ರೆ ಒತ್ತುವುದು ಕಣದ ಪದ್ಧತಿ. ಯಾರಾದರೂ ಕೈ ಹಾಕಿದರೆ ಮುದ್ರೆ ಕೆಡುತ್ತದೆ. ಆದರೆ ಬೆಳಿಗ್ಗೆ ನೋಡಿದರೆ ಏಳನೇ ರಾಶಿ ಕುಗ್ಗಿತ್ತು, ಮುದ್ರೆ ಕೆಟ್ಟಿರಲಿಲ್ಲ.

"ಇದು ಮಾಟ. ಇಂಥೋರಿಗಲ್ದ ಇನ್ಯಾರಿಗೆ ಬರ್ತೈತಿ?" ಎಂದಿದ್ದ ರಂಗಣ್ಣ. ಅಷ್ಟೇ ಸಾಕಾಯಿತು ಎಲ್ಲರಿಗೂ.

ಮುದ್ರೆ ಒತ್ತುವವಳು ಸುಂಕಮ್ಮ. ಇಪ್ಪತ್ತು ವರ್ಷದ ಆ ಹುಡುಗಿ ಯಾರ ಮುಖವನ್ನೂ ನೋಡಳು, ಗಿರಣಿ ಶುರುವಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವಳು. ಊರು ಅವಳಿಗೆ ಹುಚ್ಚಿ ಎಂದು ಹೆಸರಿಟ್ಟು ಕೈತೊಳೆದುಕೊಂಡಿತ್ತು. ಅವಳು ಒತ್ತಿದ ಮುದ್ರೆ ಮಾತ್ರ ಕೂದಲೆಳೆಯಷ್ಟೂ ವಾರೆಯಾಗುತ್ತಿರಲಿಲ್ಲ. ಏನು ಹೇಳಬೇಕಾದರೂ ಮೊದಲಿನಿಂದ ಹೇಳಬೇಕು. ನಡುವೆ ಯಾರಾದರೂ ಬಾಯಿ ಹಾಕಿದರೆ ಮತ್ತೆ ಮೊದಲಿನಿಂದ.

"ಒಂದನೇ ರಾಶಿ, ನನ್ನ ಮುದ್ರಿ," ಎಂದು ಅವಳು ಶುರು ಮಾಡಿದಳು. "ಎರಡನೇ ರಾಶಿ, ನನ್ನ ಮುದ್ರಿ. ಮೂರನೇ..."

"ಏನ್ ಒದರ್ತಿಯೇ?" ಎಂದ ರಂಗಣ್ಣ.

"ಒಂದನೇ ರಾಶಿ, ನನ್ನ ಮುದ್ರಿ..."

ಐದಕ್ಕೆ ಬಂದಾಗ ಅವನು ಮತ್ತೆ ಗದರಿದ. ಅವಳು ಮತ್ತೆ ಒಂದಕ್ಕೆ ಬಂದಳು. ಪಾರಮ್ಮನಿಗೆ ಹೊಳೆಯಿತು. ಇವನು ಬೇಕಂತಲೇ ಬಾಯಿ ಹಾಕುತ್ತಿದ್ದಾನೆ!

"ಸಾವಕಾರ್ರ, ನಿಮ್ಮ ಕಾಲಿಗೆ ಬೀಳ್ತೀನ್ರಿ. ಆಕಿ ಏಳರ ತನಕ ಹೇಳ್ಲಿ. ಯಾರೂ ನಡುವ ಮಾತಾಡಬ್ಯಾಡ್ರಿ!"

ಚಿದಾನಂದಪ್ಪ ಕೈ ಎತ್ತಿದ. ಕಣ ಸುಮ್ಮನಾಯಿತು. ಸುಂಕಮ್ಮ ನೆಲ ನೋಡುತ್ತ ಆರು ರಾಶಿಗಳನ್ನೂ ಮುಗಿಸಿದಳು.

"ಏಳನೇ ರಾಶಿ, ನನ್ನ ಮುದ್ರಿ ಅಲ್ಲ. ಎಡಕ್ಕ ವಾಲೈತಿ. ರಂಗಣ್ಣ ಎಡಚ. ಮುದ್ರಿ ಹಲಗಿ ರಾತ್ರಿ ಸಾವಕಾರ್ರ ಮನ್ಯಾಗ ಇರ್ತೈತಿ."

ರಂಗಣ್ಣ ಎಡಗೈಯನ್ನು ಬೆನ್ನ ಹಿಂದೆ ಸರಿಸಿದ. ಪಾರಮ್ಮನಿಗೆ ಅಳು ಉಕ್ಕಿಬಂತು. ಬದುಕಿದೆ ಎನ್ನುವ ಅಳು.

ಚಿದಾನಂದಪ್ಪ ಏಳನೇ ರಾಶಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ಅಳಿಯನ ಕಡೆ ತಿರುಗಿದ. ಆಮೇಲೆ ಅಂಗೈಯಿಂದ ಆ ಮುದ್ರೆಗಳನ್ನು ಒಂದೊಂದಾಗಿ ಒರೆಸಿಹಾಕಿದ.

"ಎರ್ರಣ್ಣ, ಏನ್ ನೋಡ್ತಿ? ಬೋಳಿಸು."

ಕೂದಲಿನ ಮೊದಲ ಹಿಡಿ ಪಾರಮ್ಮನ ಪಾದದ ಮೇಲೆ ಬಿತ್ತು. ಕೇಳಿಸಲಿಲ್ಲವೇನೋ ಎಂದುಕೊಂಡು ಸುಂಕಮ್ಮ ಇನ್ನಷ್ಟು ಗಟ್ಟಿಯಾಗಿ ಒಂದನೇ ರಾಶಿಯಿಂದ ಶುರು ಮಾಡಿದಳು. ಈ ಸಲ ನಡುವೆ ಯಾರೂ ಬಾಯಿ ಹಾಕಲಿಲ್ಲ.