ಮುಳ್ಳು ಏರುವ ಹೊತ್ತು

ಪೆಟ್ಟಿಗೆ ಮೂರನೆಯ ಸಲವೂ ‘ಟಕ್’ ಎಂದು ಸುಮ್ಮನಾದಾಗ ಯಕ್ಷಿತಾಳ ಕೈಯಲ್ಲಿ ಚಹಾದ ತಟ್ಟೆ ಇತ್ತು. ಲೋಟಗಳು ಒಂದಕ್ಕೊಂದು ತಾಗದ ಹಾಗೆ ಹಿಡಿದುಕೊಂಡು ಅಲ್ಲೇ ನಿಂತು ಕಿವಿಗೊಟ್ಟಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಹೊಟ್ಟೆನೋವು ಬಂದವರ ಹಾಗೆ ಒಂದು ನರಳಿಕೆ, ಮತ್ತೆ ‘ಟಕ್’.

ಗಾಜಿನ ಮುಚ್ಚಳದ ಕೆಳಗೆ ವಸಂತಿಯಕ್ಕ ಮಲಗಿದ್ದರು. ನಿನ್ನೆ ಮಧ್ಯಾಹ್ನ ಗಂಜಿ ಉಂಡು, ಬಟ್ಟಲು ತೊಳೆದಿಟ್ಟು, ಗೋಡೆಗೆ ಒರಗಿ ಕೂತವರು ಹಾಗೆಯೇ ಹೋಗಿಬಿಟ್ಟಿದ್ದರು. ಆಂಟಾಪ್ ಹಿಲ್ ಕಾಲನಿಯ ನೆಲಮಹಡಿಯ ಈ ಒಂದೂವರೆ ಕೋಣೆಯಲ್ಲಿ ಅವರು ಒಬ್ಬರೇ ಇದ್ದದ್ದು. ಒಬ್ಬಳೇ ಮಗಳು ನಿಶಾ ಮಂಗಳೂರಿನಲ್ಲಿ ನರ್ಸ್. ವಿಮಾನದಲ್ಲಿ ಜಾಗ ಸಿಗದೆ ರೈಲು ಹತ್ತಿದ್ದಳು. ಠಾಣೆಯಲ್ಲಿ ಇಳಿದು ಇಲ್ಲಿ ಮುಟ್ಟುವಾಗ ಮೂರೂವರೆಯಾದೀತು. ತಾಯಿಯ ಬಾಯಿಗೆ ತುಳಸಿ ನೀರು ಬಿಡಬೇಕಾದವಳು ಅವಳು. ಅಲ್ಲಿಯವರೆಗೆ ದೇಹ ಕೆಡದಿರಲಿ ಎಂದೇ ಬಾಡಿಗೆಗೆ ಈ ಐಸಿನ ಪೆಟ್ಟಿಗೆ ತರಿಸಿದ್ದು. ಈಗ ಬೆಳಗಿನ ಹತ್ತು ಗಂಟೆ. ಏಪ್ರಿಲ್ ತಿಂಗಳ ಸೆಕೆಗೆ ನಿಂತವರ ಅಂಗಿಗಳೆಲ್ಲ ಬೆನ್ನಿಗೆ ಅಂಟಿದ್ದವು.

“ಮಾಮಾ, ಬಾಕ್ಸ್‌ವಾಲಾ ಫೋನ್ ಉಠಾಯಿಸ್ತಾನೇ ಇಲ್ಲ,” ಎಂದ ಪ್ರೀತಮ್. “ದೂಸ್ರಾ ಬಾಕ್ಸ್ ಗೋರೆಗಾಂವ್‌ನಲ್ಲಿ ಉಂಟಂತೆ. ಅದು ಚಾರ್ ಬಜೇ ತನಕ ಬುಕ್.”

ಅವನ ಮಾವ ರಮಾನಾಥ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ವಡಾಲ ಸ್ಟೇಷನ್ನಿನ ಹತ್ತಿರ ಅವರ ಹೋಟೆಲು. ಊರಿನವರ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ, ಮುಂದೆ ನಿಂತು ನಡೆಸುವವರು ಅವರೇ. ಹೆಣ ಎತ್ತುವವರೆಗೆ ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಾಗೆಂದು ಹೋಟೆಲಿನವರು ಸೇರಿದ ಕಡೆ ಬಂದವರು ಚಹಾ ಕುಡಿಯದೆ ಹೋಗುವುದೂ ಇಲ್ಲ. ಅದಕ್ಕಾಗಿ ಎಂಟು ಗಂಟೆಗೇ ಹೋಟೆಲಿನಿಂದ ಸ್ಟೀಲಿನ ದೊಡ್ಡ ಚಹಾ ಬಾಯ್ಲರ್ ತರಿಸಿ ಕರೆಂಟಿಗೆ ಹಾಕಿಸಿದ್ದರು. ಬೆಂಕಿ ಇಲ್ಲ, ಹೊಗೆ ಇಲ್ಲ. ಶಾಸ್ತ್ರಕ್ಕೂ ಕುಂದಿಲ್ಲ, ಚಹಾಕ್ಕೂ ಕುಂದಿಲ್ಲ.

“ಕಾದು ಪ್ರಯೋಜನ ಇಲ್ಲ,” ಎಂದರು. “ಹನ್ನೊಂದಕ್ಕೆ ಎತ್ತುವ.”

“ನಿಶಾ ಬರ್ಲಿಕ್ಕುಂಟಲ್ಲ ಮಾರ್ರೆ!” ಪಕ್ಕದ ಮನೆಯ ಮಾಧುರಿಯಕ್ಕ ಕೂತಲ್ಲಿಂದಲೇ ಹೇಳಿದರು.

“ನಂಗೆ ಮನಸ್ಸುಂಟಾ ಮಾಧುರಿ? ಈ ಸೆಕೆಯಲ್ಲಿ ಮೂರೂವರೆ ತನಕ ಇಟ್ರೆ ಮಗಳು ನೋಡುವಂಥ ಮುಖ ಉಳೀತದಾ? ವಿಡಿಯೊ ಕಾಲ್ ಮಾಡಿ ತೋರಿಸುವ.”

ಮಾಧುರಿಯಕ್ಕ ಫೋನು ಹಚ್ಚಿದರು. ರೈಲಿನ ಗಡಗಡದ ನಡುವೆ ನಿಶಾಳ ದನಿ ತುಂಡು ತುಂಡಾಗಿ ಕೇಳಿತು. “ಫೋನಿನಲ್ಲಿ ಬಾಯಿಗೆ ನೀರು ಬಿಡ್ಲಿಕ್ಕೆ ಆಗ್ತದಾ ಮಾಧುರಿಯಕ್ಕ? ಹೇಳಿ ನೀವೇ, ಆಗ್ತದಾ?”

ಯಕ್ಷಿತಾ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಪೆಟ್ಟಿಗೆಗೆ ರೋಗವೇನೂ ಇದ್ದಂತೆ ಅವಳಿಗೆ ಅನಿಸಲಿಲ್ಲ. ಹೊರಡಲು ಒದ್ದಾಡಿ, ಶಕ್ತಿ ಸಾಲದೆ ಕೂತುಬಿಡುವ ಸದ್ದು ಅದು. ಆ ಸದ್ದು ಅವಳಿಗೆ ಗೊತ್ತಿತ್ತು. ಹೇಳಬೇಕೆಂದರೆ ಮೂವತ್ತು ಜನರೆದುರು ಬಾಯಿ ತೆರೆಯಬೇಕು.

ಅವಳ ಜೊತೆಗೇ ವಸಂತಿಯಕ್ಕನ ಹತ್ತಿರ ರಿಪೇರಿ ಕೆಲಸ ಕಲಿತ ಮಹಾದೇವಿ ಮೂಲೆಯಲ್ಲಿ ನಿಂತಿದ್ದವಳು ಅವಳ ಮೊಣಕೈ ತಿವಿದಳು. “ಯಕ್ಷೀ, ನೀ ನೋಡವಾ. ಕರೆಂಟಿನ ಡಿಪ್ಲೊಮಾ ಓದಾಕಿ ನೀ ಅದೀ. ಸುಮ್ನ ನಿಂತ್ರ ಹ್ಯಾಂಗ?”

* * *

ಎಂಟನೆಯ ಇಯತ್ತೆಯಲ್ಲಿ ಓದುವಾಗ ಯಕ್ಷಿತಾ ಪ್ರಯೋಗಶಾಲೆಯ ಬಾಗಿಲ ಬಳಿ ನಿಲ್ಲುವವಳಾಗಿದ್ದಳು. ಕನ್ನಡ ಮಾಧ್ಯಮದ ಆ ಶಾಲೆಯಲ್ಲಿ ಇದ್ದದ್ದು ಒಂದೇ ಕೋಣೆಯ ಲ್ಯಾಬು, ನಾಲ್ಕು ಮೇಜು, ಮೂರು ಮೀಟರು. ಹುಡುಗರು ಮೀಟರಿನ ಸುತ್ತ ಮುತ್ತಿಕೊಳ್ಳುತ್ತಿದ್ದರು. ಹುಡುಗಿಯರು ಹಿಂದೆ ನಿಂತು ಅವರು ಕೂಗಿ ಹೇಳಿದ ಅಂಕಿಗಳನ್ನು ಅಂದವಾಗಿ ಬರೆದುಕೊಳ್ಳುತ್ತಿದ್ದರು. ಅಕ್ಷರ ಚೆನ್ನಾಗಿದೆ ಎಂದು ಮೇಷ್ಟರು ಹೊಗಳುತ್ತಿದ್ದರು.

ವಸಂತಿಯಕ್ಕ ಅಲ್ಲಿ ಅಟೆಂಡರ್. ಗಂಡ ತೀರಿಕೊಂಡ ವರ್ಷ ಕಸ ಗುಡಿಸಲು ಸೇರಿದವರು ಇಪ್ಪತ್ತೆಂಟು ವರ್ಷ ಗಾಜಿನ ನಳಿಗೆಗಳನ್ನು ತೊಳೆದಿದ್ದರು. ಓದಿದ್ದು ಏಳನೆಯವರೆಗೆ. ಪಾಠ ಮಾತ್ರ ಅಷ್ಟೂ ವರ್ಷ ಕಿವಿಗೆ ಬಿದ್ದಿತ್ತು. ಮೇಷ್ಟರು ತಂತಿ ತಪ್ಪು ಜೋಡಿಸಿದರೆ ಇವರು ಕೆಮ್ಮುತ್ತಿದ್ದರು. ಮೇಷ್ಟರು ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು.

ಒಂದು ದಿನ ಶಾಲೆ ಬಿಟ್ಟ ಮೇಲೆ ಅವರು ಯಕ್ಷಿತಾಳನ್ನು ಕರೆದರು. “ನೀನು ಎಂತಕ್ಕೆ ಯಾವಾಗ್ಲೂ ಬಾಗಿಲಲ್ಲಿ? ಕಾವಲಿಗಾ?”

ಹುಡುಗಿ ನೆಲ ನೋಡಿದಳು.

“ಮಾತಾಡ್ಲಿಕ್ಕೆ ಹೆದರಿಕೆಯಾ? ಮಾತು ಬೇಡ ಮಾರಾಯ್ತಿ. ಇದನ್ನು ಹಿಡಿ.” ಮೀಟರಿನ ಎರಡು ಕಡ್ಡಿಗಳನ್ನು ಅವಳ ಕೈಗಿತ್ತು, ಬ್ಯಾಟರಿಯ ತುದಿಗಳಿಗೆ ಮುಟ್ಟಿಸಿದರು. ಮುಳ್ಳು ಎದ್ದು ನಿಂತಿತು. “ನೋಡು, ನೀನು ಕೇಳಿದಿ, ಅದು ಹೇಳಿತು. ಕೇಳುವವಳು ಹುಡುಗಿ ಅಂತ ಅದಕ್ಕೆ ಗೊತ್ತೇ ಇಲ್ಲ.”

ಅವಳು ಅಂದು ಮನೆಗೆ ತಡವಾಗಿ ಹೋಗಿ ಬೈಸಿಕೊಂಡಳು. ಅಮ್ಮ ಬೈಯುವಾಗಲೂ ಬೆರಳ ತುದಿಯಲ್ಲಿ ಆ ಮುಳ್ಳು ನಡುಗುತ್ತಲೇ ಇತ್ತು.

* * *

ಗೋಡೆಯ ಮೇಲಿನ ಹಲಗೆಯಲ್ಲಿ ಗ್ರೈಂಡರಿನ ಮೋಟರೊಂದು ಬಾಯಿ ತೆರೆದು ಕೂತಿತ್ತು. ಅದರ ಹೊಟ್ಟೆಯೊಳಗೆ ನೂರು ವಾಟಿನ ಹಳೆಯ ಬಲ್ಬು ಉರಿಯುತ್ತಿತ್ತು. ಅಡುಗೆಕೋಣೆ ತೊಳೆಯುವಾಗ ನೀರು ಹೊಕ್ಕಿದ್ದ ರಮಾನಾಥರ ಹೋಟೆಲಿನ ಮೋಟರು; ಒಣಗಲೆಂದು ವಸಂತಿಯಕ್ಕ ಆದಿತ್ಯವಾರ ಇಟ್ಟದ್ದು. ಅವರು ಹೋದ ಮೇಲೂ ಅದನ್ನು ಆರಿಸಲು ಯಾರಿಗೂ ನೆನಪಾಗಿರಲಿಲ್ಲ.

ಯಕ್ಷಿತಾ ನೋಡುತ್ತಿದ್ದ ಹಾಗೆಯೇ ಬಲ್ಬು ಮಂಕಾಯಿತು. ಅದೇ ಗಳಿಗೆಯಲ್ಲಿ ಚಹಾ ಬಾಯ್ಲರಿನ ಕೆಂಪು ದೀಪ ಹತ್ತಿಕೊಂಡಿತು. ಪೆಟ್ಟಿಗೆ ನರಳಿತು, ‘ಟಕ್’. ಅವಳ ಕಣ್ಣು ವಯರಿನ ದಾರಿ ಹಿಡಿದು ಹೋಯಿತು. ಗೋಡೆಯ ಬೋರ್ಡಿನಿಂದ ತೀರ ಸಪೂರದ ಒಂದು ಎಕ್ಸ್‌ಟೆನ್ಷನ್. ಅದರ ಒಂದು ತೂತಿಗೆ ಪೆಟ್ಟಿಗೆ, ಇನ್ನೊಂದಕ್ಕೆ ಬಾಯ್ಲರ್, ಮತ್ತೊಂದಕ್ಕೆ ಬಲ್ಬು.

ಬೆಳಗಿನಿಂದ ಅದೇ ಬಾಯ್ಲರಿನ ಚಹಾವನ್ನು ತಾನೇ ಹಂಚುತ್ತಿದ್ದೇನಲ್ಲ ಎಂದು ನೆನಪಾಗಿ ಅವಳಿಗೆ ಕಿವಿ ಬಿಸಿಯಾಯಿತು.

ಹಲಗೆಯ ಕೆಳಗಿದ್ದ ವಸಂತಿಯಕ್ಕನ ಸಾಮಾನಿನ ಡಬ್ಬಿಯಿಂದ ಮೀಟರು ತೆಗೆದು ನೆಲದ ಮೇಲೆ ಕೂತಳು. ಎಲ್ಲರೂ ಅವಳತ್ತ ತಿರುಗಿದ್ದು ಬೆನ್ನಿಗೆ ತಿಳಿಯಿತು. ಕಡ್ಡಿಗಳನ್ನು ಉಳಿದಿದ್ದ ತೂತಿಗೆ ಇಟ್ಟಳು. ಮುಳ್ಳು ನೂರೈವತ್ತೆಂಟಕ್ಕೆ ಬಂದು ನಿಂತಿತು. ಮೀಟರನ್ನು ಮೇಲೆತ್ತಿ ರಮಾನಾಥರಿಗೆ ತೋರಿಸಿದಳು.

“ಎಂತ ಇದು?”

ಮತ್ತೆ ತೋರಿಸಿದಳು.

“ಕನ್ನಡಕ ಹೋಟೆಲಲ್ಲಿ ಉಂಟು ಮಗಾ. ನಂಗೆ ಕಾಣುದಿಲ್ಲ. ಎಂತ ಹೇಳ್ತದೆ, ನೀನೇ ಹೇಳು.”

ಇನ್ನು ದಾರಿ ಇರಲಿಲ್ಲ.

“ವೋಲ್ಟೇಜ್ ಸಾಲುದಿಲ್ಲ ಮಾಮ,” ಎಂದಳು. ದನಿ ಅವಳಿಗೇ ಅಪರಿಚಿತವಾಗಿ ಕೇಳಿತು. “ಪೆಟ್ಟಿಗೆ ಹಾಳಾಗಲಿಲ್ಲ. ಬಾಯ್ಲರ್... ಬಾಯ್ಲರ್ ತೆಗೀಬೇಕು.”

“ಬಾಯ್ಲರಾ? ಅದು ಚಹಾ ಮಾರಾಯ್ತಿ! ಸಾವಿನ ಮನೆಗೆ ಬಂದವರನ್ನು ಬರೀ ಬಾಯಲ್ಲಿ ಕಳಿಸುದಾ?”

ಹಿಂದೆ ಯಾರೋ ಕಿಸಕ್ಕೆಂದರು. ಪ್ರೀತಮ್ ಹಲಗೆಯತ್ತ ಕೈ ಚಾಚಿದ. “ಅರೆ, ಲೋಡ್ ಜಾಸ್ತಿ ಅಂದ್ರೆ ಆ ಬಲ್ಬ್ ಬಂದ್ ಮಾಡೋಣ ನಾ. ಫಾಲ್ತು ಉರೀತಾ ಇದೆ.”

“ಅದನ್ನು ಮುಟ್ಬೇಡ!”

ಇಷ್ಟು ಜೋರಾಗಿ ಅವಳು ಕಾಲನಿಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಪ್ರೀತಮ್ ಕೈ ಹಿಂದಕ್ಕೆ ಎಳೆದುಕೊಂಡ.

“ಬಲ್ಬಿಗೆ ನೂರು ವಾಟ್, ಬಾಯ್ಲರಿಗೆ ಎರಡು ಸಾವಿರ,” ಎಂದಳು, ಈಗ ಮೆಲ್ಲಗೆ. “ಈ ಸಪೂರ ವಯರಿನಲ್ಲಿ ಬಾಯ್ಲರೇ ಎಲ್ಲ ಕುಡಿದುಬಿಡ್ತದೆ ಮಾಮ. ಪೆಟ್ಟಿಗೆಗೆ ಮಿಗುದಿಲ್ಲ. ನೋಡಿ.” ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಬಾಯ್ಲರಿನ ಪ್ಲಗ್ ಕಿತ್ತಳು. ಮುಳ್ಳು ಎಗರಿ ಇನ್ನೂರಿಪ್ಪತ್ತರ ಆಚೆ ನಿಂತಿತು. ಹಲಗೆಯ ಮೇಲೆ ಬಲ್ಬು ಬೆಳ್ಳಗಾಯಿತು. ಅದನ್ನು ನೋಡಲು ಯಾರಿಗೂ ಕನ್ನಡಕ ಬೇಕಾಗಲಿಲ್ಲ.

“ಹಾಗಾದ್ರೆ ಹಾಕು ಪೆಟ್ಟಿಗೆ!”

“ಈಗ ಬೇಡ. ಐದು ನಿಮಿಷ ಬಿಡ್ಬೇಕು. ಒಳಗೆ ಒತ್ತಡ ಇಳೀಬೇಕು, ಇಲ್ಲದಿದ್ರೆ ಮತ್ತೆ ನಿಲ್ತದೆ.”

ರಮಾನಾಥ ವಾಚು ನೋಡಿಕೊಂಡರು. ಹತ್ತೂ ಇಪ್ಪತ್ತು. “ಐದೇ ನಿಮಿಷ,” ಎಂದರು. “ಆಗದಿದ್ರೆ ಹನ್ನೊಂದಕ್ಕೆ ಎತ್ತುದೇ.”

* * *

ಲಾಕ್‌ಡೌನ್ ಮುಗಿದು ಹೋಟೆಲುಗಳ ಶಟರು ಎತ್ತಿದ ವಾರದಲ್ಲಿಯೂ ರಮಾನಾಥ ಹೀಗೆಯೇ ವಾಚು ನೋಡಿಕೊಂಡಿದ್ದರು. ಏಳು ತಿಂಗಳು ಮುಚ್ಚಿದ್ದ ಅಡುಗೆಕೋಣೆ. ಒಂದಿಡೀ ಮಳೆಗಾಲದ ತೇವ ಕುಡಿದ ಗ್ರೈಂಡರು. ಸ್ವಿಚ್ಚು ಒತ್ತಿದ ಕೂಡಲೇ ಟಪ್ಪೆಂದು ಫ್ಯೂಸು ಹೋಯಿತು. ಆ ಸಾಲಿನ ಐದಾರು ಹೋಟೆಲುಗಳಲ್ಲಿ ಇದೇ ಕತೆ. ರಿಪೇರಿಯವನು ಉತ್ತರ ಪ್ರದೇಶಕ್ಕೆ ನಡೆದುಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಹಿಟ್ಟಿಲ್ಲದೆ ಇಡ್ಲಿ ಇಲ್ಲ, ಇಡ್ಲಿ ಇಲ್ಲದೆ ಗಿರಾಕಿ ಇಲ್ಲ. ಗಿರಾಕಿಯೇ ಇಲ್ಲದ ಮೇಲೆ ಊರಿಗೆ ಹೋದ ಹದಿನಾರು ಕೆಲಸಗಾರರನ್ನು ಯಾವ ಬಾಯಲ್ಲಿ ಕರೆಸುವುದು?

ನಿವೃತ್ತಿಯಾಗಿದ್ದ ವಸಂತಿಯಕ್ಕ ಆಗ ಬಂದರು. ಹಿಂದೆ ಮೂರು ಮಂದಿ: ಹತ್ತನೆಯದು ಮುಗಿಸಿ ಮನೆಯಲ್ಲಿ ಕೂತಿದ್ದ ಯಕ್ಷಿತಾ, ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಕಲಬುರಗಿ ಕಡೆಯ ಮಹಾದೇವಿ, ಅವಳ ನಾದಿನಿ ಶೀತಲ. ಆ ಏಳು ತಿಂಗಳು ವಸಂತಿಯಕ್ಕನ ಕೋಣೆಯಲ್ಲಿ, ಶಾಲೆ ಎಸೆದಿದ್ದ ಮೀಟರುಗಳಿಂದ, ಅವರು ಪಾಠ ಕಲಿತಿದ್ದರು.

“ಪಾತ್ರೆ ತೊಳೆಯುವವಳು ಮೋಟರಿಗೆ ಕೈ ಹಾಕುದಾ?” ಎಂದಿದ್ದರು ರಮಾನಾಥ.

“ಯಾರ ಕೈ ಅಂತ ಮೋಟರು ಕೇಳ್ತದಾ ರಮಾನಾಥಣ್ಣ? ನೀವೇ ಕೇಳುದು.”

ಆ ಸಾಲಿನ ಮೋಟರುಗಳಲ್ಲಿ ಒಂದು ಸುಟ್ಟಿತ್ತು, ಉಳಿದವು ಬರೀ ಒದ್ದೆ. ವಸಂತಿಯಕ್ಕ ಒಂದೊಂದರ ಹೊಟ್ಟೆಗೂ ಬಲ್ಬು ಇಳಿಸಿ ಉರಿಸಿಟ್ಟರು. ಲೋಹಾರ್ ಚಾಳಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದ, ಕೈಯಿಂದ ತಿರುಗಿಸುವ ಮೆಗ್ಗರ್ ಯಂತ್ರವೊಂದು ಅವರ ಬಳಿ ಇತ್ತು. ತಾಮ್ರದ ಸುರುಳಿಯ ತೇವ ಆರಿದಷ್ಟೂ ಅದರ ಮುಳ್ಳು ಮೇಲೇರಬೇಕು. ಒಂದರ ಗೆರೆ ದಾಟಿದರೆ ಮೋಟರು ಓಡಿಸಬಹುದು. ಮರುದಿನ ಯಕ್ಷಿತಾ ತಿರುಗಿಸಿ ನೋಡಿದರೆ ಮುಳ್ಳು ನಿನ್ನೆಗಿಂತ ಕೆಳಗಿತ್ತು. ಅವಳ ಕಣ್ಣು ತುಂಬಿತು.

“ಅಳ್ತೀಯಾ ಹುಚ್ಚಿ?” ವಸಂತಿಯಕ್ಕ ನಕ್ಕರು. “ಬಿಸಿ ತಾಗಿದಾಗ ಅಡಗಿ ಕೂತ ನೀರೆಲ್ಲ ಎದ್ದು ಬರ್ತದೆ. ಮೊದಲು ಇಳಿಯುದೇ ಅದು. ಇಳಿಯುವಾಗ ಬಲ್ಬು ತೆಗೆದವರು ಕೆಟ್ಟರು.”

ಮೂರನೆಯ ದಿನ ಗ್ರೈಂಡರು ತಿರುಗಿತು. ಮೊದಲ ಇಡ್ಲಿಯನ್ನು ರಮಾನಾಥ ತಾವೇ ತಟ್ಟೆಯಲ್ಲಿಟ್ಟು ಮಹಾದೇವಿಯ ಮುಂದೆ ಹಿಡಿದರು. ಅದೇ ವಾರ ಊರಿಗೆ ಫೋನು ಹೋಯಿತು. ಹುಡುಗರು ಒಬ್ಬೊಬ್ಬರಾಗಿ ಮರಳಿದರು. ಮಹಾದೇವಿ ಪಾತ್ರೆಯ ತೊಟ್ಟಿಗೆ ಮರಳಲಿಲ್ಲ. ಈಗ ವಡಾಲದಿಂದ ಮಾಟುಂಗದವರೆಗೆ ಯಾವ ಹೋಟೆಲಿನ ಗ್ರೈಂಡರು ನಿಂತರೂ ಅವಳಿಗೇ ಕರೆ. ಶೀತಲ ಲಿಫ್ಟ್ ಕಂಪನಿಯಲ್ಲಿದ್ದಾಳೆ. ಯಕ್ಷಿತಾಳ ಅಪ್ಪನನ್ನು ಒಪ್ಪಿಸಿ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್‌ಗೆ ಸೇರಿಸಿದವರೂ ವಸಂತಿಯಕ್ಕನೇ.

* * *

ಐದು ನಿಮಿಷ ಕಳೆಯಿತು. ಯಕ್ಷಿತಾ ಸ್ವಿಚ್ಚು ಒತ್ತಿದಳು.

ನರಳಿಕೆ. ಮಹಾದೇವಿ ಕಣ್ಣು ಮುಚ್ಚಿದಳು. ‘ಟಕ್’ ಬರಲಿಲ್ಲ. ನರಳಿಕೆ ನಿಧಾನವಾಗಿ ಒಂದೇ ಸಮನಾದ ಗುಂಯ್ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಗಾಜಿನ ಅಂಚಿನಲ್ಲಿ ಮಂಜು ಕಟ್ಟತೊಡಗಿತು.

ಎಲ್ಲರೂ ರಮಾನಾಥರನ್ನು ನೋಡಿದರು. ಅವರು ಬಾಯ್ಲರನ್ನು ನೋಡುತ್ತಿದ್ದರು. “ಬೆಳಗಿಂದ ವಸಂತಿಯಕ್ಕನ ಕರೆಂಟು ನಾನೇ ಕದ್ದದ್ದಾ ಹಾಗಾದ್ರೆ?” ಎಂದರು.

“ಅವರು ಇದ್ದಿದ್ರೆ ನಿಮ್ಮ ಕಿವಿ ಹಿಂಡ್ತಿದ್ರು,” ಎಂದರು ಮಾಧುರಿಯಕ್ಕ. ಸಾವಿನ ಮನೆಯಲ್ಲಿ ಒಂದು ಗಳಿಗೆ ನಗು ಹಾದುಹೋಯಿತು. “ಬಾಯ್ಲರು ನಮ್ಮನೆಗೆ ತನ್ನಿ. ನಮ್ಮ ಬೋರ್ಡು ಬೇರೆ ಅಲ್ವಾ ಯಕ್ಷಿತಾ?”

“ಬೇರೆ. ಆದ್ರೆ ದಪ್ಪ ವಯರ್ ಹಾಕ್ಬೇಕು. ನಾನು ಹಾಕ್ತೇನೆ.”

ಪ್ರೀತಮ್ ಮುಂದೆ ಬಂದರೂ ರಮಾನಾಥ ಬಿಡಲಿಲ್ಲ. ಬಾಯ್ಲರಿನ ಒಂದು ಕಿವಿ ಅವರು, ಇನ್ನೊಂದು ಕಿವಿ ಮಹಾದೇವಿ ಹಿಡಿದು ಹೊರಗೆ ಸಾಗಿಸಿದರು. “ಮೆಲ್ಲಕ ಮಾಲಕ್ರ, ಬಿಸಿ ಐತಿ,” ಎಂದಳು ಅವಳು.

ಮೂರೂ ನಲವತ್ತಕ್ಕೆ ನಿಶಾ ಬಂದಳು. ಹೆಗಲ ಚೀಲ ಇಳಿಸದೆಯೇ ಮಂಡಿಯೂರಿದಳು. ಮುಚ್ಚಳ ತೆಗೆದರು. ನಿನ್ನೆ ಗೋಡೆಗೆ ಒರಗಿದಾಗ ಹೇಗಿತ್ತೋ ಹಾಗೆಯೇ ಇತ್ತು ಮುಖ, ಯಾರೋ ತಂತಿ ತಪ್ಪು ಜೋಡಿಸಿದ್ದನ್ನು ಕಂಡು ಇನ್ನೇನು ಕೆಮ್ಮುವವರ ಹಾಗೆ. ನಿಶಾ ತುಳಸಿಯ ಕುಡಿಯನ್ನು ನೀರಲ್ಲಿ ಅದ್ದಿ ತಾಯಿಯ ತುಟಿಗೆ ಮುಟ್ಟಿಸಿದಳು. ಒಂದು ಸಲ, ಎರಡು ಸಲ, ಮೂರು ಸಲ. ನಾಲ್ಕನೆಯ ಹನಿ ತುಟಿ ತಪ್ಪಿ ಗಲ್ಲಕ್ಕೆ ಬಿತ್ತು. ಯಕ್ಷಿತಾ ಅವಳ ಮಣಿಕಟ್ಟು ಹಿಡಿದುಕೊಂಡಳು.

ಗಂಡಸರು ಹೆಣ ಎತ್ತಿದರು. ನಿಶಾ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದಳು. ಉಳಿದ ಹೆಂಗಸರು ಕೋಣೆ ತೊಳೆದರು. ವಸಂತಿಯಕ್ಕ ಮಲಗಿದ್ದ ಜಾಗದಲ್ಲಿ ಮಾಧುರಿಯಕ್ಕ ತೆಂಗಿನಕಾಯಿಯ ಹೋಳಿನಲ್ಲಿ ಎಣ್ಣೆ ಹಾಕಿ ದೀಪ ಹಚ್ಚಿಟ್ಟರು.

ಹಲಗೆಯ ಮೇಲೆ ಬಲ್ಬು ಇನ್ನೂ ಉರಿಯುತ್ತಿತ್ತು. ಯಕ್ಷಿತಾ ಸ್ಟೂಲು ಹತ್ತಿ ಮೋಟರನ್ನು ತನ್ನ ಕಡೆ ತಿರುಗಿಸಿದಳು. ಕಬ್ಬಿಣದ ಮೈಮೇಲೆ ಸೀಮೆಸುಣ್ಣದಲ್ಲಿ ಆ ದುಂಡು ಅಕ್ಷರ: ಆದಿತ್ಯವಾರ 0.6. ಸೋಮವಾರ 0.3. ಮಂಗಳವಾರ 0.4. ಅದರ ಕೆಳಗೆ ಖಾಲಿ.

“ಎಂತ ಮಾಡ್ತೀ ಈಗ?” ಮಾಧುರಿಯಕ್ಕ ಕೇಳಿದರು.

“ಮೆಗ್ಗರ್ ಕೊಡಿ.”

ಮಹಾದೇವಿ ಡಬ್ಬಿಯಿಂದ ತೆಗೆದು ಕೊಟ್ಟಳು. ಎರಡು ತಂತಿ ಜೋಡಿಸಿ ಯಕ್ಷಿತಾ ಹಿಡಿ ತಿರುಗಿಸಿದಳು. ಗರಗರ ಸದ್ದು ಒದ್ದೆ ಕೋಣೆಯನ್ನು ತುಂಬಿತು. ಮುಳ್ಳು ಅಲುಗಿತು, ಅರ್ಧ ದಾಟಿತು, ಒಂದು ದಾಟಿತು.

“ಎಷ್ಟೈತಿ?” ಮಹಾದೇವಿ ಕೆಳಗಿನಿಂದ ಕತ್ತೆತ್ತಿ ಕೇಳಿದಳು.

“ಎರಡು!” ಎಂದಳು ಯಕ್ಷಿತಾ. ಬಾಗಿಲ ಹೊರಗೆ ಚಪ್ಪಲಿ ಹುಡುಕುತ್ತಿದ್ದವರಿಗೂ ಕೇಳುವ ಹಾಗೆ ಹೇಳಿದಳು.

ಸೀಮೆಸುಣ್ಣದ ತುಂಡು ಅದೇ ಹಲಗೆಯ ಅಂಚಿನಲ್ಲಿತ್ತು. ಖಾಲಿ ಸಾಲಿನಲ್ಲಿ ಬುಧವಾರ ಎಂದು ಬರೆದು, ಅಂಕಿ ಹಾಕಿ, ಬಲ್ಬಿನ ಸ್ವಿಚ್ಚು ಆರಿಸಿದಳು. ಕೋಣೆಯಲ್ಲಿ ಈಗ ಬೆಳಕು ನೆಲದಿಂದ ಬರುತ್ತಿತ್ತು. ಹೋಟೆಲಿಗೆ ಮರಳಬೇಕಾದ ಬೆಚ್ಚಗಿನ ಮೋಟರನ್ನು ಎರಡೂ ತೋಳಲ್ಲಿ ಅಪ್ಪಿಕೊಂಡು, ದೀಪಕ್ಕೆ ಗಾಳಿ ತಾಗದಂತೆ ಸುತ್ತು ಬಳಸಿ, ಅವಳು ಬಾಗಿಲ ಕಡೆ ನಡೆದಳು.