ದರ್ಜಿಯ ಹೆಬ್ಬೆರಳು

ದರ್ಜಿಗೂ ಅವನ ಹೆಂಡತಿಗೂ ಯಾವುದನ್ನೂ ಒಬ್ಬರೇ ಪೂರ್ತಿ ತಿಂದು ಗೊತ್ತಿರಲಿಲ್ಲ. ಬಾಳೆಹಣ್ಣು ಸಿಕ್ಕರೆ ಅರ್ಧ ನಿನಗೆ, ಅರ್ಧ ನನಗೆ. ಚಹಾ ಬಂದರೂ ಎರಡು ಲೋಟಕ್ಕೆ ಪಾಲಾಗಲೇಬೇಕು. ಮದುವೆಯಾದ ಹೊಸತರಲ್ಲಿ ಬಡತನ ಕಲಿಸಿದ ಅಭ್ಯಾಸ, ಈಗ ಪ್ರೀತಿಯಾಗಿ ಬೇರೂರಿತ್ತು. ಅವರ ಅಂಗಡಿ ಅಂಗೈಯಗಲ: ಕಿಟಕಿಯ ಬಳಿ ಅವನ ಮಿಷನ್ನು, ಬಾಗಿಲ ಬಳಿ ಅವಳು ಕಾಜಾ ಹಾಕಿ ಗುಂಡಿ ಹೊಲಿಯುವ ಸ್ಟೂಲು. ನಡುವೆ ಜಗಳವಾಡಲೂ ಜಾಗವಿರಲಿಲ್ಲ, ಆದರೂ ಆಡುತ್ತಿದ್ದರು.

ಒಂದು ದಿನ ಮಿಷನ್ನಿನ ಸೂಜಿ ಅವನ ಬಲ ಹೆಬ್ಬೆರಳಿಗೇ ಇಳಿಯಿತು. ಬೆರಳು ಊದಿ ಕೀವು ತುಂಬಿತು. ಡಾಕ್ಟರಮ್ಮ ಕೀವು ತೆಗೆದು ಆಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರು. "ಊತ ಇಳೀತು ಅಂತ ನಿಲ್ಲಿಸಬೇಡಿ, ಕೊಟ್ಟಷ್ಟನ್ನೂ ಮುಗಿಸಿ" ಎಂದೂ ಹೇಳಿದರು. ಹೇಳುವವರಿಗೆ ಬುದ್ಧಿಯಿತ್ತು. ಕೇಳುವವನಿಗೆ ಹೆಂಡತಿಯ ಮೇಲೆ ಅಕ್ಕರೆ ತುಸು ಹೆಚ್ಚಾಗಿತ್ತು, ಅಷ್ಟೇ.

ಊತ ಇಳಿಯುವ ಹೊತ್ತಿಗೆ ಅವಳಿಗೆ ನೆಗಡಿ, ಗಂಟಲು ಕೆರೆತ. ಅವನು ಉಳಿದ ಮಾತ್ರೆಯ ಹಾಳೆ ಹಿಡಿದು ಬಂದ.

"ನುಂಗು. ನನ್ನ ಬೆರಳಿನ ಊತವನ್ನೇ ಇಳಿಸಿದ ಮಾತ್ರೆ, ನಿನ್ನ ಮೂಗು ಯಾವ ಲೆಕ್ಕ?"

"ನಿಮಗೆ?"

"ನನ್ನದು ವಾಸಿಯಾಯ್ತಲ್ಲ!"

ಅವಳು ನುಂಗಿದಳು. ಮೂಗು ಮಾತ್ರ ತನಗೆ ಬೇಕಾದಷ್ಟು ಸುರಿದು, ಬೇಕಾದಾಗ ನಿಂತಿತು. ಅವನೋ, ತಾನೇ ವೈದ್ಯನೆಂಬಂತೆ ಮೀಸೆ ತಿರುವಿದ.

ಆ ಮೀಸೆಯ ಗತ್ತು ಬಹಳ ದಿನ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಕೋಟಿನ ಬಟ್ಟೆ ಕತ್ತರಿಸಲು ಹೊರಟಾಗ ಕತ್ತರಿ ಕೈಜಾರಿ ಬಿತ್ತು. ಅವಳು ಓಡಿ ಬಂದು ನೋಡಿದರೆ ಹೆಬ್ಬೆರಳು ಮೊದಲಿಗಿಂತ ದಪ್ಪ, ಕೆಂಪು ಮಣಿಕಟ್ಟಿನವರೆಗೆ ಏರಿದೆ. ಕತ್ತರಿಯ ಉಂಗುರಕ್ಕೆ ಬೆರಳು ಹೋಗುತ್ತಿಲ್ಲ. ಅವನು ಮತ್ತೆ ಮತ್ತೆ ತೂರಿಸಲು ನೋಡುತ್ತಿದ್ದ. ಹೆಬ್ಬೆರಳಿಲ್ಲದ ದರ್ಜಿ ಎಂಥ ದರ್ಜಿ? ಅವಳು ಅವನನ್ನು ಎಳೆದುಕೊಂಡೇ ಡಾಕ್ಟರಮ್ಮನ ಬಳಿ ಹೋದಳು.

"ಮಾತ್ರೆ ಮುಗಿಸಿದ್ರಾ?" ಡಾಕ್ಟರಮ್ಮ ಕೇಳಿದರು. ಅವನು ಸೂರು ನೋಡಿದ.

"ಉಳಿದಿದ್ದು ನಾನು ನುಂಗಿದೆ," ಎಂದಳು ಅವಳು, "ನೆಗಡಿಗೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೆಗಡಿ ಬರೋದು ವೈರಸ್ಸಿಂದ. ಈ ಮಾತ್ರೆ ಅದರ ಕೂದಲನ್ನೂ ಕೊಂಕಿಸಲ್ಲ. ಇಲ್ಲಿ ನೋಡಿದ್ರೆ ಬೆರಳಲ್ಲಿದ್ದ ಬ್ಯಾಕ್ಟೀರಿಯಾ ಪೂರ್ತಿ ಸಾಯೋ ಮುಂಚೆ ಔಷಧಿ ನಿಂತೋಯ್ತು, ಬದುಕಿದ್ದು ಮತ್ತೆ ಬೆಳೀತು. ಹೀಗೆ ಅಲ್ಲಿಷ್ಟು ಇಲ್ಲಿಷ್ಟು ನುಂಗ್ತಾ ಹೋದ್ರೆ ಔಷಧಿಗೇ ಬಗ್ಗದ ಜಾತಿ ಉಳ್ಕೊಳ್ಳುತ್ತೆ. ಬೆರಳು ತೋರಿಸಿದ್ರೆ ಹಸ್ತ ನುಂಗೋ ಜಾತಿ ಅದು."

"ಬೆರಳು ಉಳಿಯುತ್ತಾ?"

"ಕೀವು ಪರೀಕ್ಷೆಗೆ ಕಳಿಸ್ತೀನಿ, ಬೇರೆ ಮಾತ್ರೆ ಕೊಡ್ತೀನಿ. ಮೂಳೆಗೆ ಇಳಿದಿರದಿದ್ರೆ ಉಳಿಯುತ್ತೆ."

ರಸ್ತೆಗೆ ಬಂದದ್ದೇ ಅವಳ ಸಹನೆಯ ಕಟ್ಟೆಯೊಡೆಯಿತು. "ಪ್ರೀತಿ ಪ್ರೀತಿ ಅಂತ ನಿಮ್ಮ ಬೆರಳನ್ನೇ ನನಗೆ ತಿನ್ನಿಸಿದ್ರಲ್ಲ!" ಎಂದು ಬೈದಳು, ಬೈಯುತ್ತಲೇ ಅತ್ತಳು. ಅವನು ಎಡಗೈಯಿಂದ ಅವಳ ಸೆರಗು ಹಿಡಿದುಕೊಂಡು ಹಿಂದೆ ನಡೆದ.

ಅಲ್ಲಿಂದ ಅವಳು ಪೊಲೀಸಾದಳು. ಹೊತ್ತು ಹೊತ್ತಿಗೆ ಎದುರು ಕೂತು ಮಾತ್ರೆ ನುಂಗಿಸಿ, "ಆ ಅನ್ನಿ" ಎಂದು ನಾಲಿಗೆಯಡಿಯೂ ನೋಡುತ್ತಿದ್ದಳು. ಕೆಂಪು ಮಣಿಕಟ್ಟಿನಿಂದ ಹಿಂದೆ ಸರಿಯಿತು, ಊತ ಬತ್ತಿತು. ಮೂಳೆಗೆ ಏನೂ ಆಗಿರಲಿಲ್ಲ.

ಕೊನೆಯ ಮಾತ್ರೆ ಅಂಗೈಯಲ್ಲಿದ್ದಾಗ ಅವಳಿಗೆ ಕೆಮ್ಮು ಬಂತು. ಅವನ ಕೈ ತನಗೇ ತಿಳಿಯದಂತೆ ಅವಳತ್ತ ಚಾಚಿತು.

"ಇದು ಪಾಲು ಮಾಡೋದಲ್ಲ," ಅವಳು ಆ ಕೈಯನ್ನು ಮಡಚಿ ಅವನ ಬಾಯಿಯ ಹತ್ತಿರ ಒಯ್ದಳು. "ನನಗೆ ಬೇಕಾಗಿರೋದು ನಿಮ್ಮ ಬೆರಳು. ನುಂಗಿ."

ಮದುವೆಯಾದ ಮೇಲೆ ಮೊದಲ ಸಲ, ಅವಳತ್ತ ಚಾಚಿದ್ದನ್ನು ಪೂರ್ತಿ ತಾನೇ ನುಂಗಿ ಅವನು ಕಳ್ಳನಂತೆ ನಾಚಿದ. ಆಮೇಲೆ ಕತ್ತರಿ ಎತ್ತಿಕೊಂಡ. ಹೆಬ್ಬೆರಳು ಉಂಗುರದೊಳಗೆ ಸಲೀಸಾಗಿ ಹೋಯಿತು. ಅವಳು ಚಹಾ ತಂದು, ಎಂದಿನಂತೆ ಅರ್ಧ ಅವನ ಲೋಟಕ್ಕೆ ಬಗ್ಗಿಸಿದಳು.