ಅಳಿಸಿಹೋದ ಗುರುತು

ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಕೆಲಸ ಅವಳದು. ಹನ್ನೊಂದು ವರ್ಷ ಒಂದೊಂದೇ ಮುಖದ ಮೊಡವೆ, ಕಲೆ ಅಳಿಸಿ ಅಳಿಸಿ ಮಣಿಕಟ್ಟು ಸೋತುಹೋಗಿತ್ತು. ಕೊನೆಗೊಂದು ಉಪಾಯ ಹೂಡಿದಳು. ಒಂದು ಫೋಟೋಗೆ ಮಾಡುವ ಕೆಲಸವನ್ನೆಲ್ಲ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಳು: ಕಲೆ ತೆಗೆಯುವುದು, ಚರ್ಮ ನಯಮಾಡುವುದು, ಹಳೆಯದನ್ನು ಅಳಿಸಿ ಹೊಸದನ್ನು ಉಳಿಸುವುದು. ಆಮೇಲೆ ಗುಂಡಿ ಒತ್ತಿ ಕಾಫಿ ಕುಡಿದು ಬರುವಷ್ಟರಲ್ಲಿ ಫೋಲ್ಡರಿನ ನಾನೂರು ಮುಖಗಳೂ ಹಾಲಲ್ಲಿ ತೊಳೆದಂತಿರುತ್ತಿದ್ದವು.

“ಇನ್ನೇನಮ್ಮ, ಕೈ ಕಟ್ಟಿ ಕೂರೋದೇ ನಿನ್ನ ಕೆಲಸ!” ಎಂದು ಮಾಲೀಕರು ನಕ್ಕರು.

ಹೊಳೆಯಲ್ಲಿ ಪ್ರಯಾಣಿಕರ ದೋಣಿಯೊಂದು ಮುಳುಗಿದ ವಾರ, ಗುರುತು ಸಿಗದ ಹೆಣಗಳ ಫೋಟೋ ತೆಗೆಯಲು ಪೊಲೀಸರು ಮಾಲೀಕರನ್ನು ಕರೆಸಿದರು. ಅರವತ್ತಮೂರು ಹೆಣ. ಮಾಲೀಕರು ಸ್ಟುಡಿಯೋಗೆ ವಾಪಸ್ ಬಂದವರೇ ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿ, ಶಾಲಾ ಮಕ್ಕಳ ಫೋಟೋಗಳಿದ್ದ ಫೋಲ್ಡರಿಗೇ ಎಲ್ಲವನ್ನೂ ಸುರಿದು, ಸ್ನಾನಕ್ಕೆಂದು ಮನೆಗೆ ಓಡಿದರು. ಅವಳು ತೆರೆದೂ ನೋಡದೆ ಗುಂಡಿ ಒತ್ತಿದಳು.

ಹದಿನೈದು ದಿನದ ಮೇಲೆ ಒಬ್ಬ ಹೆಂಗಸು ಠಾಣೆಯ ಚೀಟಿ ಹಿಡಿದು ಬಂದಳು. ಹೆಣಗಳನ್ನು ಆಗಲೇ ಮಣ್ಣು ಮಾಡಿದ್ದರು, ಉಳಿದದ್ದು ಫೋಟೋಗಳಷ್ಟೇ.

“ನನ್ನ ತಮ್ಮ ಕಣಕ್ಕಾ. ನೀರಲ್ಲಿ ಊದ್ಕೊಂಡಿರೋ ಮುಖ ಗೊತ್ತಾಗಲ್ಲ ಅಂದ್ರು. ಆದ್ರೆ ಹುಬ್ಬಿನ ಮೇಲೆ ಗಾಯದ ಕಲೆ ಇದೆ. ಚಿಕ್ಕವರಿದ್ದಾಗ ನಾನೇ ಕತ್ತರಿ ಎಸೆದಿದ್ದೆ.”

ಅವಳು ಒಂದೊಂದಾಗಿ ತೋರಿಸತೊಡಗಿದಳು. ಹತ್ತನೆಯದಕ್ಕೆ ಬರುವಾಗ ಅವಳಿಗೆ ಹೊಳೆಯಿತು. ಯಾರ ಮುಖದ ಮೇಲೂ ಒಂದು ಮಚ್ಚೆಯಿಲ್ಲ, ಒಂದು ಗೀರಿಲ್ಲ. ಊದಿದ ಮುಖಗಳೆಲ್ಲ ಮೇಣ ಮೆತ್ತಿದಂತೆ ನುಣ್ಣಗಿದ್ದವು. ಆದರೂ ಬೆರಳು ಮುಂದಿನ ಫೋಟೋ ಒತ್ತುತ್ತಲೇ ಇತ್ತು.

“ಇಲ್ಲ! ಇದ್ರಲ್ಲಿ ಅವನಿಲ್ಲ!” ಹೆಂಗಸು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ನಿಮ್ಮ ಹೊಟ್ಟೆ ತಣ್ಣಗಿರಲಿ.”

ಮೆಟ್ಟಿಲಿಳಿಯುತ್ತಲೇ ಫೋನ್ ಮಾಡುತ್ತಿದ್ದವಳನ್ನು ಅವಳು ಓಡಿಹೋಗಿ ತಡೆದಳು.

“ತಂಗೀ, ನಿಲ್ಲು. ಅವು ಇದ್ದ ಹಾಗೇ ಇರೋ ಫೋಟೋ ಅಲ್ಲ. ಕಲೆ ಎಲ್ಲಾ ಹೋಗಿದೆ. ನಾನೇ ಅಳಿಸ್ಬಿಟ್ಟಿದೀನಿ.”

“ಹಾಗಾದ್ರೆ ಮೊದಲಿಂದು ತೋರ್ಸಿ.”

“ಇಲ್ಲ. ಎಲ್ಲೂ ಇಲ್ಲ.”

ಹೆಂಗಸಿನ ಕೈಯಲ್ಲಿದ್ದ ಫೋನಿನಿಂದ ಮುದಿ ದನಿಯೊಂದು ಕೇಳುತ್ತಲೇ ಇತ್ತು: “ಬದುಕಿದಾನಾ? ಹೇಳೇ, ಬದುಕಿದಾನಾ?”

ಕೆಳಗೆ, ಚೀಟಿ ಹಿಡಿದ ಇನ್ನಿಬ್ಬರು ಮೆಟ್ಟಿಲು ಹತ್ತಿ ಬರುತ್ತಿದ್ದರು.